ಉತ್ತರ ಕನ್ನಡದ ಕರಾವಳಿಯಿಂದ ಶಿಶುಸಹಿತ ವಲಸೆ: ಬಂಧುಸಾಮೀಪ್ಯದ ದೃಷ್ಟಿಯಿಂದ ಒಂದು ವಿವೇಚನೆ

೧. ವಿಷಯಪ್ರವೇಶ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಿಂದ ಪರದೇಶಕ್ಕೆ ಹೋದವರ ವಿಷಯವಾಗಿ ಮಾತನಾಡುವಾಗ ನಾವು ಸಾಮಾನ್ಯವಾಗಿ ದುಡಿಯುವ ಗಂಡಸನ್ನೇ ಕಣ್ಣೆದುರಿಗೆ ಇಟ್ಟುಕೊಳ್ಳುತ್ತೇವೆ. ಅವನು ಯಾವ ವರ್ಷ ಹೋದನು, ಯಾವ ಉದ್ಯೋಗ ಹಿಡಿದನು, ಊರಿಗೆ ಎಷ್ಟು ಹಣ ಕಳಿಸಿದನು ಎಂಬಿವೇ ವಲಸೆಯ ಅಧ್ಯಯನದ ಮುಖ್ಯ ಪ್ರಶ್ನೆಗಳಾಗಿ ನಿಂತಿವೆ. ಇವು ಅವಶ್ಯವಾದ ಪ್ರಶ್ನೆಗಳೇ ಸರಿ. ಆದರೆ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಕಡಲಾಚೆಯ ಊರಿಗೆ ಹೊರಟ ತಾಯಿಯ ಪ್ರಯಾಣವು ಈ ಲೆಕ್ಕದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವದಿಲ್ಲ. ಅವಳು ದುಡಿಮೆಗಾಗಿ ಹೋಗುವವಳಲ್ಲ. ಸಂಸಾರ ಹೂಡುವದಕ್ಕೆ ಹೋಗುವವಳು. ಅವಳ ಪ್ರಯಾಣದಲ್ಲಿ ವಲಸೆಯ ಇನ್ನೊಂದು ಮುಖವು ನಮಗೆ ಗೋಚರವಾಗುತ್ತದೆ.

ಎಳೆಯ ಕೂಸನ್ನು ಕರೆದುಕೊಂಡು ಹೋಗುವವರು ಕೇಳುವ ಮೊದಲನೆಯ ಪ್ರಶ್ನೆ ಸಂಬಳದ್ದಲ್ಲ. ‘ಅಲ್ಲಿ ನಮ್ಮವರು ಯಾರಿದ್ದಾರೆ?’ ಎಂಬುದೇ ಅವರ ಮೊದಲನೆಯ ಪ್ರಶ್ನೆ. ಬಂಧುಗಳ ಸಮೀಪದಲ್ಲಿ ನೆಲೆಸಬೇಕೆಂಬ ಈ ಅಪೇಕ್ಷೆಯು ಎಷ್ಟರ ಮಟ್ಟಿಗೆ ನೆರವೇರುತ್ತದೆ, ಎಲ್ಲಿ ತಡೆಯಲ್ಪಡುತ್ತದೆ ಎಂಬುದನ್ನು ಈ ಮೂರು ತಾಲೂಕುಗಳನ್ನು ಉದ್ದೇಶಿಸಿ ವಿವೇಚಿಸುವದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಮನೆಯು ಯಾರನ್ನು ಕುಟುಂಬವೆಂದು ಎಣಿಸುವದೋ ಅವರನ್ನೆಲ್ಲ ಕಾನೂನು ಕುಟುಂಬವೆಂದು ಎಣಿಸುವದಿಲ್ಲ. ಈ ಎರಡರ ನಡುವಿನ ಅಂತರವು ಅತ್ಯಂತ ಸ್ಪಷ್ಟವಾಗಿ ತೋರುವದು ಮನೆಯಲ್ಲಿ ಕೂಸು ಇರುವಾಗ. ಇದೇ ಈ ಲೇಖನದ ಪ್ರತಿಪಾದ್ಯ.

೨. ಹಡಗಿನ ಕಾಲ

ಈ ಕರಾವಳಿಗೆ ಕಡಲು ಎಲ್ಲೆಯಾಗಿರಲಿಲ್ಲ, ದಾರಿಯಾಗಿತ್ತು. ವಿಜಯನಗರದ ಅರಸರಿಗೆ ಬೇಕಾದ ಕುದುರೆಗಳು ಅರಬಸ್ಥಾನ ಹಾಗೂ ಹೊರ್ಮುಜಿನ ಕಡೆಯಿಂದ ಭಟ್ಕಳದ ಬಂದರಿಗೆ ಬಂದಿಳಿಯುತ್ತಿದ್ದವು. ೧೪ನೆಯ ಶತಮಾನದ ಮಧ್ಯಭಾಗದಲ್ಲಿ ಹೊನ್ನಾವರವನ್ನು ಕಂಡ ಪ್ರವಾಸಿ ಇಬ್ನ್ ಬತೂತನು ಆ ಪಟ್ಟಣದಲ್ಲಿ ಹುಡುಗಿಯರಿಗಾಗಿ ೧೩ ಮತ್ತು ಹುಡುಗರಿಗಾಗಿ ೨೩ ಶಾಲೆಗಳಿದ್ದುದನ್ನು ಬರೆದಿಟ್ಟಿದ್ದಾನೆ. ಅಲ್ಲಿಯ ಸ್ತ್ರೀಯರು ಕುರಾನನ್ನು ಕಂಠಪಾಠ ಮಾಡಿದ್ದರೆಂದೂ ಹೇಳಿದ್ದಾನೆ. ಪರದೇಶದ ವರ್ತಕರು ಬಂದು ಹೋಗುವ ತಂಗುದಾಣವಷ್ಟೇ ಆಗಿದ್ದ ಊರಿನ ಚಿತ್ರ ಇದಲ್ಲ. ಹೆಂಗಸರು ಮಕ್ಕಳೊಡನೆ ನೆಲೆನಿಂತ ಜನಜೀವನದ ಚಿತ್ರವಿದು.

ಭಟ್ಕಳ, ಮುರ್ಡೇಶ್ವರ, ಮಂಕಿ ಮೊದಲಾದ ಊರುಗಳಲ್ಲಿರುವ ನವಾಯತರ ಪರಂಪರೆಯು ಈ ದೃಷ್ಟಿಯಿಂದ ಗಮನಾರ್ಹವಾದುದು. ಈ ಜನಾಂಗವನ್ನು ಕುರಿತು ವಿಕ್ಟರ್ ಎಸ್. ಡಿಸೋಜಾ ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು ೧೯೫೫ರಲ್ಲಿ ಪ್ರಕಟಿಸಿತು. ಎರಡು ಸಂಸ್ಕೃತಿಗಳ ಸಂಪರ್ಕವೇ ಆ ಗ್ರಂಥದ ವಿಷಯವಾಗಿದೆ. ತಮ್ಮ ಪೂರ್ವಿಕರು ಅರಬಸ್ಥಾನ ಪರ್ಶಿಯಾಗಳಿಂದ ವ್ಯಾಪಾರಕ್ಕಾಗಿ ಬಂದು ಇಲ್ಲಿಯ ಸ್ತ್ರೀಯರನ್ನು ಮದುವೆಯಾಗಿ ನಿಂತರೆಂಬುದು ನವಾಯತರಲ್ಲಿರುವ ಐತಿಹ್ಯ. ‘ಹೊಸದಾಗಿ ಬಂದವರು’ ಎಂಬ ಅರ್ಥದಿಂದ ಅವರ ಹೆಸರನ್ನು ವಿವರಿಸುವವರೂ ಉಂಟು. ಅವರ ಮನೆಮಾತಾದ ನವಾಯತಿಯಾದರೂ ಕೊಂಕಣಿಯ ಒಂದು ಪ್ರಭೇದ. ಅರಬ್ಬಿ ಪಾರಸೀ ಶಬ್ದಗಳು ಅದರಲ್ಲಿ ಹೇರಳವಾಗಿ ಸೇರಿವೆ, ಬರೆಯುವ ಲಿಪಿ ಅರಬ್ಬೀ ಮೂಲದ್ದು. ಆದರೆ ಭಾಷೆಯ ಒಡಲು ಈ ನೆಲದ್ದು. ಗಂಡಸರು ಕಡಲಿನಿಂದ ಬಂದಿರಲಿ, ಕೂಸಿಗೆ ಜೋಗುಳ ಹಾಡಿದವರು ಈ ನೆಲದವರೇ ಆಗಿದ್ದರೆಂದು ಇದರಿಂದ ಊಹಿಸಬಹುದು. ವಲಸೆಯಲ್ಲಿ ತಂದೆಯ ಉದ್ಯೋಗವು ಒಂದು ದಿಕ್ಕಿಗೆ, ಕೂಸಿನ ಲಾಲನೆಯು ಇನ್ನೊಂದು ದಿಕ್ಕಿಗೆ ಇರುವ ಸಂಗತಿಯು ಇಂದಿನದಲ್ಲ.

ಕಾಲಾಂತರದಲ್ಲಿ ಪ್ರವಾಹದ ದಿಕ್ಕು ತಿರುಗಿತು. ೧೮೬೧ರಿಂದ ೧೮೬೫ರ ವರೆಗಿನ ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ ಕುಮಟೆಯ ಬಂದರಿನಿಂದ ಹತ್ತಿಯ ರಫ್ತು ಏರಿ, ಘಟ್ಟದ ಮೇಲಿನ ಹತ್ತಿಗೆ ಪೇಟೆಯಲ್ಲಿ ಕುಮಟೆಯ ಹೆಸರೇ ನಿಂತಿತು. ಮುಂದೆ ರೈಲುದಾರಿಯು ಆ ವ್ಯಾಪಾರವನ್ನು ಮರ್ಮಗೋವೆಯ ಕಡೆಗೆ ಸೆಳೆದುಕೊಂಡ ಮೇಲೆ ಈ ಬಂದರುಗಳು ಕ್ಷೀಣಿಸಿದವು. ಬಂದರಿಗೆ ಕೆಲಸ ಬರುತ್ತಿದ್ದ ಕಾಲ ಹೋಗಿ, ಜನರೇ ಕೆಲಸವನ್ನು ಹುಡುಕಿಕೊಂಡು ಹೋಗುವ ಕಾಲ ಬಂದಿತು. ಭಟ್ಕಳದ ವರ್ತಕರು ಮದ್ರಾಸು, ಕಲಕತ್ತೆ, ಕೊಲಂಬೊಗಳಲ್ಲಿ ಅಂಗಡಿಗಳನ್ನು ತೆರೆದರು. ಸಾರಸ್ವತರು ಮುಂಬಯಿಗೆ ಹೋದರು. ಮುಂಬಯಿಯ ಗಾವದೇವಿಯಲ್ಲಿ ೧೯೧೫ರಲ್ಲಿ ಸ್ಥಾಪಿತವಾದ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಇಲ್ಲಿ ಸ್ಮರಣೀಯವಾದುದು. ಶ್ರೀಪಾದ ಸುಬ್ರಾವ್ ತಾಲಮಕಿ ಅವರ ಪರಿಶ್ರಮದಿಂದ ನಿಂತ ಈ ಸಂಸ್ಥೆಯು, ಭಟ್ಕಳ ತಾಲೂಕಿನ ಶಿರಾಲಿಯ ಚಿತ್ರಾಪುರ ಮಠಕ್ಕೆ ನಡೆದುಕೊಳ್ಳುವ ಕುಟುಂಬಗಳು ಪರಸ್ಥಳದಲ್ಲಿ ಒಂದೇ ಆವರಣದೊಳಗೆ ವಾಸಿಸುವ ಅನುಕೂಲತೆಯನ್ನು ಒದಗಿಸಿತು. ಬಾಡಿಗೆಯ ಉಳಿತಾಯವೊಂದೇ ಇದರ ಫಲವಾಗಿರಲಿಲ್ಲ. ಬಾಣಂತಿಗೆ ಬಿಸಿನೀರು ಕಾಯಿಸಿಕೊಡುವ ನೆರೆಯವಳು ಸ್ವಜನಳಾಗಿದ್ದಳೆಂಬುದೂ ಅಷ್ಟೇ ಮಹತ್ವದ್ದು. ಬಂಧುಸಾಮೀಪ್ಯವನ್ನು ಬುದ್ಧಿಪೂರ್ವಕವಾಗಿ ಕಟ್ಟಿಕೊಳ್ಳಬಹುದೆಂಬುದಕ್ಕೆ ಇದು ಉತ್ತಮವಾದ ಉದಾಹರಣೆ.

೩. ಕೊಲ್ಲಿಯ ಕಾಲ

ಕೊಲ್ಲಿಯ ಪ್ರದೇಶವು ನಮ್ಮ ಕರಾವಳಿಗೆ ಅಪರಿಚಿತವಾಗಿರಲಿಲ್ಲ. ಅಲ್ಲಿಯ ಪೇಟೆಗಳಲ್ಲಿ ಭಾರತದ ರೂಪಾಯಿಯೇ ಬಹುಕಾಲ ಚಲಾವಣೆಯಲ್ಲಿತ್ತು; ೧೯೫೯ರಲ್ಲಿ ಭಾರತೀಯ ರಿಜರ್ವ್ ಬ್ಯಾಂಕು ಆ ಪ್ರದೇಶಕ್ಕಾಗಿಯೇ ಪ್ರತ್ಯೇಕ ರೂಪಾಯಿಯನ್ನು ಹೊರಡಿಸಿತು. ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ಹೋಗುತ್ತಿದ್ದ ಪ್ರಯಾಣಿಕರ ಹಡಗುಗಳಲ್ಲಿ ‘ದ್ವಾರಕಾ’ ಎಂಬುದು ೧೯೮೨ರ ವರೆಗೂ ಸಂಚರಿಸುತ್ತಿತ್ತು. ‘ದಾರಾ’ ಎಂಬ ಇನ್ನೊಂದು ಹಡಗು ೧೯೬೧ರ ಏಪ್ರಿಲ್‌ನಲ್ಲಿ ದುಬೈಯ ಹತ್ತಿರ ಸ್ಫೋಟಕ್ಕೀಡಾಗಿ ೨೩೮ ಜನ ಮೃತಪಟ್ಟರು. ೧೯೬೬ರಲ್ಲಿ ದುಬೈಯಲ್ಲಿ ತೈಲವು ದೊರೆಯಿತು. ೧೯೭೧ರ ಡಿಸೆಂಬರ್ ೨ರಂದು ಸಂಯುಕ್ತ ಅರಬ್ ಎಮಿರೇಟ್ಸ್ ರಾಷ್ಟ್ರವು ಸ್ಥಾಪಿತವಾಯಿತು. ೧೯೭೩ರಲ್ಲಿ ತೈಲದ ಬೆಲೆ ಏರಿತು. ಆ ಬಳಿಕ ಭಟ್ಕಳದ ಮನೆಗಳಿಂದ ಯುವಕರು ಒಬ್ಬರ ಹಿಂದೆ ಒಬ್ಬರಾಗಿ ಹೊರಟರು.

ಈ ವಲಸೆಯು ನಡೆದ ರೀತಿಯು ಸರಪಳಿಯಂತಿರುವದು. ಮೊದಲು ಹೋದ ಮಾವನು ಅಳಿಯನನ್ನೂ ಅಣ್ಣನು ತಮ್ಮನನ್ನೂ ಕರೆಸಿಕೊಳ್ಳುತ್ತಾನೆ. ಕೆಲಸ, ವಸತಿ, ಮೊದಲ ತಿಂಗಳ ಖರ್ಚು ಇವೆಲ್ಲ ಬಂಧುಗಳ ಮೂಲಕವೇ ಒದಗುತ್ತವೆ. ನವಾಯತರಲ್ಲಿ ವಿವಾಹಗಳು ಬಹುತರವಾಗಿ ಜನಾಂಗದೊಳಗೇ ನಡೆಯುವದರಿಂದ ಗಂಡನ ಬಂಧುಗಳು ಇರುವಲ್ಲಿ ಹೆಂಡತಿಯ ಬಂಧುಗಳೂ ಇರುವ ಸಂಭವವು ಹೆಚ್ಚು. ಹೀಗಾಗಿ ಮೊದಲು ಗಂಡಸರು ಗುಂಪಾಗಿ ಒಂದೇ ಕೋಣೆಯಲ್ಲಿ ವಾಸಿಸುತ್ತಿದ್ದ ದುಬೈಯ ಹಳೆಯ ವ್ಯಾಪಾರಿ ಬೀದಿಗಳ ಆಸುಪಾಸಿನಲ್ಲಿಯೇ ಮುಂದೆ ಕುಟುಂಬಗಳೂ ಬಿಡಾರ ಹೂಡಿದವು. ಭಟ್ಕಳದಿಂದ ಕೂಸಿನೊಡನೆ ಹೋದ ತಾಯಿಗೆ ಅಕ್ಕನೋ ಚಿಕ್ಕಮ್ಮನೋ ಮುಂದಿನ ಕಟ್ಟಡದಲ್ಲಿ ಇರುವದು ಅಪೂರ್ವವಾದ ಸಂಗತಿಯಲ್ಲ. ಊರನ್ನು ಬಿಟ್ಟು ಹೋಗುವದೆಂದರೆ ಬಂಧುಗಳನ್ನು ಬಿಟ್ಟು ಹೋಗುವದೆಂಬ ಸಾಮಾನ್ಯ ಭಾವನೆಯನ್ನು ಇಲ್ಲಿ ತಿದ್ದಿಕೊಳ್ಳಬೇಕಾಗುತ್ತದೆ. ಅವಳು ಒಂದು ಬಂಧುವರ್ಗದಿಂದ ಇನ್ನೊಂದು ಬಂಧುವರ್ಗದ ಕಡೆಗೆ ಹೋಗುತ್ತಾಳೆ.

ಪ್ರಯಾಣವೂ ಕ್ರಮೇಣ ಸುಲಭವಾಯಿತು. ೧೯೯೮ರ ಜನವರಿ ೨೬ರಂದು ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದು ಮೂರೂ ಪಟ್ಟಣಗಳಿಗೆ ಮುಂಬಯಿಯೂ ಮಂಗಳೂರೂ ಹತ್ತಿರವಾದವು. ೨೦೦೬ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾಯಿತು; ಅಲ್ಲಿಯ ತನಕ ಮುಂಬಯಿಗೋ ಗೋವೆಗೋ ಕೂಸನ್ನು ಒಯ್ದು ವಿಮಾನ ಏರಬೇಕಾಗಿತ್ತು. ೨೦೧೦ರ ಮೇ ೨೨ರಂದು ದುಬೈಯಿಂದ ಬಂದ ವಿಮಾನವು ಮಂಗಳೂರಿನಲ್ಲಿ ಇಳಿಯುವಾಗ ಅಪಘಾತಕ್ಕೀಡಾಗಿ ೧೫೮ ಜನ ಮರಣ ಹೊಂದಿದರು. ಬದುಕಿದವರು ೮ ಜನ. ಮೃತರಲ್ಲಿ ಹಸುಗೂಸುಗಳೂ ಇದ್ದವು. ಊರಿಗೂ ಕೊಲ್ಲಿಗೂ ನಡುವೆ ಕುಟುಂಬಗಳೇ ಓಡಾಡತೊಡಗಿದ್ದವೆಂಬುದನ್ನು ಆ ದುರ್ದಿನವು ಮರೆಯಲಾಗದಂತೆ ತೋರಿಸಿಕೊಟ್ಟಿತು.

೪. ತವರು, ಬಾಣಂತನ ಮತ್ತು ಆರು ತಿಂಗಳ ಅವಧಿ

ಚೊಚ್ಚಲ ಹೆರಿಗೆಯು ತವರುಮನೆಯಲ್ಲಿ ಆಗಬೇಕೆಂಬುದು ಈ ಪ್ರದೇಶದ ಬಹುತೇಕ ಎಲ್ಲ ಜಾತಿಮತಗಳಲ್ಲಿಯೂ ಇರುವ ರೂಢಿ. ನವಾಯತರಲ್ಲಿ ಏಳನೆಯ ದಿನದ ಅಕೀಕಾ, ಹವ್ಯಕರಲ್ಲಿಯೂ ಸಾರಸ್ವತರಲ್ಲಿಯೂ ನಾಮಕರಣ ಮತ್ತು ತೊಟ್ಟಿಲ ಶಾಸ್ತ್ರ, ಕ್ರೈಸ್ತರಲ್ಲಿ ದೀಕ್ಷಾಸ್ನಾನ ಎಂದು ಸಂಸ್ಕಾರಗಳು ಭಿನ್ನವಾಗಿದ್ದರೂ, ಎಣ್ಣೆ ನೀರು ಹಾಕುವ ಕೈ, ಒಣಶುಂಠಿ ಮೆಂತೆಗಳ ಮದ್ದು, ಕೂಸಿನ ರಾತ್ರಿಯ ಅಳುವಿಗೆ ಎಚ್ಚರವಾಗುವ ಅಜ್ಜಿ, ಇವು ಎಲ್ಲ ಮನೆಗಳಲ್ಲಿಯೂ ಸಮಾನ. ಬಾಣಂತನವೆಂಬುದು ವಿಶ್ರಾಂತಿಯ ಕಾಲವಷ್ಟೇ ಅಲ್ಲ; ಹೊಸ ತಾಯಿಯು ಹಳೆಯ ತಾಯಿಯಿಂದ ಕೂಸನ್ನು ಸಾಕುವ ವಿದ್ಯೆಯನ್ನು ಕಲಿತುಕೊಳ್ಳುವ ಪಾಠಶಾಲೆಯೂ ಹೌದು.

ಈ ರೂಢಿಯು ಪರದೇಶದ ನಿಯಮಗಳೊಡನೆ ಹೇಗೆ ತಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿಶದಪಡಿಸಬಹುದು. ದುಬೈಯಲ್ಲಿ ಗಂಡನೊಡನೆ ಇರುವ ಭಟ್ಕಳದ ಸ್ತ್ರೀಯೊಬ್ಬಳು ಗರ್ಭಿಣಿಯಾಗಿ ತವರಿಗೆ ಬರುತ್ತಾಳೆಂದು ಭಾವಿಸೋಣ. ದಿನ ತುಂಬುತ್ತ ಬಂದ ಗರ್ಭಿಣಿಯನ್ನು ವಿಮಾನದವರು ಹತ್ತಿಸಿಕೊಳ್ಳುವದಿಲ್ಲ. ಆದುದರಿಂದ ಅವಳು ಏಳನೆಯ ತಿಂಗಳ ಸುಮಾರಿಗೆ, ಅಂದರೆ ಹೆರಿಗೆಗೆ ೧೨ ವಾರಗಳಷ್ಟು ಮುಂಚೆಯೇ, ಹೊರಡುವದು ಕ್ಷೇಮ. ಎಮಿರೇಟ್ಸ್ ದೇಶದ ಸಾಮಾನ್ಯ ನಿಯಮದಂತೆ, ನಿವಾಸದ ಪರವಾನಿಗೆ ಉಳ್ಳವರು ಎಡೆಬಿಡದೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗುಳಿದರೆ ಆ ಪರವಾನಿಗೆಯು ಅಸಿಂಧುವಾಗುತ್ತದೆ. ಹೆರಿಗೆಗೆ ಮುಂಚಿನ ಮೂರು ತಿಂಗಳನ್ನು ಕಳೆದರೆ ಉಳಿಯುವದು ಮೂರೇ ತಿಂಗಳು. ಭಾರತದ ಲಸಿಕೆಯ ಕ್ರಮದಲ್ಲಿ ಕೂಸಿಗೆ ಹುಟ್ಟಿದಾಗ, ಬಳಿಕ ೬, ೧೦ ಮತ್ತು ೧೪ನೆಯ ವಾರಗಳಲ್ಲಿ ಚುಚ್ಚುಮದ್ದುಗಳು ಬರುತ್ತವೆ. ೧೪ನೆಯ ವಾರವೆಂದರೆ ಮೂರು ತಿಂಗಳು ದಾಟಿದ ದಿನ. ಐದು ತಿಂಗಳ ಬಾಣಂತನವನ್ನು ಬಯಸುವ ಅಜ್ಜಿ, ೧೪ನೆಯ ವಾರವನ್ನು ಕಾಯಬೇಕೆನ್ನುವ ಲಸಿಕೆಯ ಚೀಟಿ, ಆರು ತಿಂಗಳಿಗೆ ಬಾಗಿಲು ಮುಚ್ಚುವ ಪರವಾನಿಗೆ, ಈ ಮೂರರ ನಡುವೆ ತಾಯಿಯು ದಿನಗಳನ್ನು ಎಣಿಸುತ್ತಾಳೆ. ಅದೇ ಅವಧಿಯೊಳಗೆ ಕೂಸಿನ ಪಾಸ್‌ಪೋರ್ಟೂ ಪ್ರವೇಶದ ಅನುಮತಿಯೂ ಸಿದ್ಧವಾಗಬೇಕು.

ಹೆರಿಗೆಯು ಪರದೇಶದಲ್ಲಿಯೇ ಆಗುವದಾದರೆ ಪ್ರಯಾಣಿಸಬೇಕಾದವಳು ಅಜ್ಜಿ. ಆದರೆ ಸಂದರ್ಶಕಳಾಗಿ ಹೋದ ಅವಳಿಗೆ ದೊರೆಯುವದು ಸಾಮಾನ್ಯವಾಗಿ ೩೦ ಅಥವಾ ೬೦ ದಿನಗಳ ವೀಸಾ. ಅದನ್ನು ಮುಂದುವರಿಸುವದಕ್ಕೆ ಮತ್ತೆ ಶುಲ್ಕವಿದೆ. ತಾಯಿಯೂ ಉದ್ಯೋಗಸ್ಥಳಾಗಿದ್ದರೆ ತೊಡಕು ಇಮ್ಮಡಿಯಾಗುತ್ತದೆ. ೨೦೨೨ರಿಂದ ಜಾರಿಗೆ ಬಂದ ಅಲ್ಲಿಯ ಕಾರ್ಮಿಕ ಕಾನೂನು ೬೦ ದಿನಗಳ ಹೆರಿಗೆ ರಜೆಯನ್ನು ವಿಧಿಸುತ್ತದೆ, ಅವುಗಳಲ್ಲಿ ೪೫ ದಿನ ಪೂರ್ಣ ಸಂಬಳ, ೧೫ ದಿನ ಅರ್ಧ ಸಂಬಳ. ಭಾರತದಲ್ಲಿ ೨೦೧೭ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ೨೬ ವಾರಗಳ ರಜೆ ಇರುವದನ್ನು ಇದಕ್ಕೆ ಹೋಲಿಸಿ ನೋಡಬಹುದು.

೨೦೨೦ರ ಮೇ ತಿಂಗಳಲ್ಲಿ, ಮಹಾಮಾರಿಯ ಕಾರಣದಿಂದ ವಿಮಾನಗಳು ನಿಂತಿದ್ದಾಗ, ಭಾರತ ಸರಕಾರವು ಪರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ಕಾರ್ಯವನ್ನು ಕೈಕೊಂಡಿತು. ಮೊದಲು ಕರೆತರಬೇಕಾದವರ ಪಟ್ಟಿಯಲ್ಲಿ ಗರ್ಭಿಣಿಯರೂ ಇದ್ದರು. ಆಪತ್ತಿನ ಕಾಲದಲ್ಲಿ ತವರಿನ ಅವಶ್ಯಕತೆಯನ್ನು ಸರಕಾರವೂ ಒಪ್ಪಿಕೊಂಡ ಪ್ರಸಂಗವಿದು.

೫. ಕೂಸಿನ ಕಾಗದಪತ್ರಗಳು

ಹಿಂದೆ ಮಕ್ಕಳ ಹೆಸರನ್ನು ತಂದೆಯ ಇಲ್ಲವೆ ತಾಯಿಯ ಪಾಸ್‌ಪೋರ್ಟಿನಲ್ಲಿಯೇ ಸೇರಿಸುವ ರೂಢಿಯಿತ್ತು. ಈಗ ಹುಟ್ಟಿದ ಕೂಸಿಗೂ ಪ್ರತ್ಯೇಕವಾದ ಪಾಸ್‌ಪೋರ್ಟು ಬೇಕು. ಅದರ ಬುನಾದಿಯು ಜನನ ಪ್ರಮಾಣಪತ್ರ. ೧೯೬೯ರ ಜನನ ಮರಣ ನೋಂದಣಿ ಕಾನೂನಿನ ಪ್ರಕಾರ ಜನನವನ್ನು ೨೧ ದಿನಗಳೊಳಗೆ ನೋಂದಿಸಬೇಕು. ಕೂಸಿಗೆ ಇನ್ನೂ ಹೆಸರಿಡದಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸುವ ಅವಕಾಶವುಂಟು. ಊರಿನಲ್ಲಿಯೇ ಇರುವ ಕೂಸಿಗೆ ಈ ವಿಳಂಬದಿಂದ ಬಾಧೆಯಿಲ್ಲ. ಪರದೇಶಕ್ಕೆ ಹೋಗುವ ಕೂಸಿಗಾದರೋ ಹೆಸರಿಲ್ಲದೆ ಒಂದು ಹೆಜ್ಜೆಯೂ ಮುಂದಿಡಲಾಗದು.

ಹೆಸರಿನ ರೂಪವೂ ಈಗ ವಿಚಾರ ಮಾಡಬೇಕಾದ ವಿಷಯವಾಗಿದೆ. ನಮ್ಮ ಕಡೆ ಒಂದೇ ಪದದ ಹೆಸರು, ಅದರ ಹಿಂದೆ ತಂದೆಯ ಹೆಸರಿನ ಮೊದಲಕ್ಷರ, ಇಷ್ಟರಲ್ಲಿಯೇ ವ್ಯವಹಾರವು ನಡೆದುಹೋಗುತ್ತದೆ. ೨೦೨೨ರ ನವೆಂಬರ್‌ನಲ್ಲಿ ಎಮಿರೇಟ್ಸ್ ದೇಶವು ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು ಮಾತ್ರ ಇದ್ದವರಿಗೆ ಸಂದರ್ಶಕ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. ನಿವಾಸದ ವೀಸಾ ಉಳ್ಳವರಿಗೆ ಇದು ಅನ್ವಯಿಸುವದಿಲ್ಲ. ತೊಟ್ಟಿಲಿನ ಬಳಿ ಅಜ್ಜನು ಕಿವಿಯಲ್ಲಿ ಹೇಳುವ ಹೆಸರನ್ನು ಎರಡು ಭಾಗ ಮಾಡಿ ಬರೆಯಬೇಕೆಂಬ ಎಚ್ಚರವು ಈಗ ಅವಶ್ಯವಾಗಿದೆ.

ಪರದೇಶದಲ್ಲಿ ಹುಟ್ಟಿದ ಕೂಸಿನ ವಿಷಯವು ಇನ್ನೂ ಸೂಕ್ಷ್ಮ. ಕೊಲ್ಲಿಯ ರಾಷ್ಟ್ರಗಳಲ್ಲಿ ಹುಟ್ಟಿದ ಮಾತ್ರದಿಂದ ಪರದೇಶೀಯರ ಮಕ್ಕಳಿಗೆ ಅಲ್ಲಿಯ ಪೌರತ್ವ ಬರುವದಿಲ್ಲ. ಭಾರತದ ೧೯೫೫ರ ಪೌರತ್ವ ಕಾನೂನಿನಲ್ಲಿ, ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ವಂಶಾನುಗತವಾಗಿ ಪೌರತ್ವವು ದೊರೆಯುತ್ತದೆ. ೧೯೯೨ರ ಡಿಸೆಂಬರ್ ೧೦ರ ಮುಂಚೆ ಅದು ತಂದೆಯ ಮೂಲಕ ಮಾತ್ರ ಬರುತ್ತಿತ್ತು. ಆ ದಿನದಿಂದ ತಂದೆ ತಾಯಿಗಳಲ್ಲಿ ಯಾರೊಬ್ಬರ ಮೂಲಕವೂ ಬರುವಂತಾಯಿತು. ತಾಯಿಯ ಸಂಬಂಧಕ್ಕೂ ಕಾನೂನಿನ ಬೆಲೆ ದೊರೆತ ದಿನವಿದು. ೨೦೦೪ರ ಡಿಸೆಂಬರ್ ೩ರಿಂದ ಮತ್ತೊಂದು ನಿಬಂಧನೆಯು ಸೇರಿತು: ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನವನ್ನು ನೋಂದಿಸಬೇಕು, ಇಲ್ಲವೆ ಆಮೇಲೆ ಕೇಂದ್ರ ಸರಕಾರದ ಅನುಮತಿಯನ್ನು ಪಡೆಯಬೇಕು, ಕೂಸಿಗೆ ಬೇರೆ ದೇಶದ ಪಾಸ್‌ಪೋರ್ಟು ಇಲ್ಲವೆಂದು ತಂದೆತಾಯಿಗಳು ಘೋಷಿಸಬೇಕು. ಎಮಿರೇಟ್ಸ್‌ನಲ್ಲಿ ಹುಟ್ಟಿದ ಕೂಸಿಗೆ ೧೨೦ ದಿನಗಳೊಳಗೆ ನಿವಾಸದ ವೀಸಾ ಆಗಬೇಕೆಂಬುದು ಅಲ್ಲಿಯ ನಿಯಮ, ತಪ್ಪಿದರೆ ದಂಡ. ಅದಕ್ಕೆ ಪಾಸ್‌ಪೋರ್ಟು ಬೇಕಾಗಿರುವದರಿಂದ ದೂತಾವಾಸದ ಕೆಲಸವು ಮೊದಲು ನಡೆಯತಕ್ಕದ್ದು. ಈ ಕ್ರಮವನ್ನು ಅರಿಯದ ಎಳೆಯ ದಂಪತಿಗಳಿಗೆ ಅದನ್ನು ಹೇಳಿಕೊಡುವವರು ಬಹುಶಃ ಮೊದಲೇ ನೆಲೆಸಿದ ಬಂಧುಗಳು. ಬಂಧುಸಾಮೀಪ್ಯದ ಉಪಯೋಗವು ಅಡಿಗೆಮನೆಗಷ್ಟೇ ಸೀಮಿತವಾದುದಲ್ಲ.

೬. ಕಾನೂನಿನ ಕುಟುಂಬ, ಮನೆಯ ಕುಟುಂಬ

ಕೊಲ್ಲಿಯ ನಿವಾಸದ ಪದ್ಧತಿಯು ಪ್ರಾಯೋಜಕತ್ವದ ಮೇಲೆ ನಿಂತಿದೆ. ಉದ್ಯೋಗವು ತಂದೆಗೆ ನಿವಾಸವನ್ನು ಕೊಡುತ್ತದೆ. ತಂದೆಯು ಹೆಂಡತಿಗೂ ಮಕ್ಕಳಿಗೂ ಪ್ರಾಯೋಜಕನಾಗುತ್ತಾನೆ. ಎಮಿರೇಟ್ಸ್‌ನಲ್ಲಿ ೨೦೧೯ರಿಂದ ಇದಕ್ಕೆ ಉದ್ಯೋಗದ ದರ್ಜೆಯ ಬದಲು ವರಮಾನವೇ ಅಳತೆಯಾಯಿತು: ತಿಂಗಳಿಗೆ ೪,೦೦೦ ದಿರ್ಹಮ್, ಅಥವಾ ೩,೦೦೦ ದಿರ್ಹಮ್ ಮತ್ತು ವಸತಿ. ೨೦೨೨ರ ಬದಲಾವಣೆಯಿಂದ ಗಂಡುಮಕ್ಕಳನ್ನು ೨೫ ವರ್ಷದ ವರೆಗೆ, ಮದುವೆಯಾಗದ ಹೆಣ್ಣುಮಕ್ಕಳನ್ನು ವಯಸ್ಸಿನ ಮಿತಿಯಿಲ್ಲದೆ ಇಟ್ಟುಕೊಳ್ಳಬಹುದಾಗಿದೆ. ತಂದೆತಾಯಿಗಳನ್ನು ಇರಿಸಿಕೊಳ್ಳುವದಕ್ಕೆ ಬೇರೆ ಹಾಗೂ ಕಠಿಣವಾದ ನಿಬಂಧನೆಗಳಿವೆ, ಮತ್ತು ಆ ಅನುಮತಿಯನ್ನು ವರ್ಷ ವರ್ಷವೂ ನವೀಕರಿಸಬೇಕು. ಚಿಕ್ಕಮ್ಮ, ಅತ್ತಿಗೆ, ನಾದಿನಿಯರಿಗೆ ಈ ಏರ್ಪಾಡಿನಲ್ಲಿ ಸ್ಥಾನವೇ ಇಲ್ಲವೆನ್ನಬಹುದು. ಅವರು ಅಲ್ಲಿರುವದು ತಂತಮ್ಮ ಗಂಡಂದಿರ ಉದ್ಯೋಗದ ಬಲದಿಂದಲೇ.

ಇದರ ಪರಿಣಾಮವನ್ನು ಯೋಚಿಸಬೇಕು. ಮುಂದಿನ ಕಟ್ಟಡದ ಅಕ್ಕನ ಮೇಲೆ ಕೂಸಿನ ಪಾಲನೆಯು ಅವಲಂಬಿಸಿದೆ. ಅಕ್ಕನ ಇರವು ಭಾವನ ನೌಕರಿಯ ಮೇಲೆ ಅವಲಂಬಿಸಿದೆ. ಭಾವನ ಅಂಗಡಿಯು ಮುಚ್ಚಿದರೆ ಈ ಮನೆಯ ಕೂಸಿನ ತೊಟ್ಟಿಲು ತೂಗುವ ಕೈಯೂ ಊರಿಗೆ ಹಿಂದಿರುಗುತ್ತದೆ. ಸೌದಿ ಅರೇಬಿಯಾದಲ್ಲಿ ೨೦೧೭ರ ಜುಲೈಯಿಂದ ಪ್ರತಿಯೊಬ್ಬ ಅವಲಂಬಿಯ ಮೇಲೆ ತಿಂಗಳಿಗೆ ೧೦೦ ರಿಯಾಲಿನ ತೆರಿಗೆಯನ್ನು ಹಾಕಿ, ವರ್ಷಕ್ಕೆ ನೂರರಂತೆ ಏರಿಸಿ ೨೦೨೦ರ ಹೊತ್ತಿಗೆ ೪೦೦ ರಿಯಾಲಿಗೆ ತಂದರು. ಹೆಂಡತಿ ಮತ್ತು ಮೂರು ಮಕ್ಕಳಿರುವ ಗೃಹಸ್ಥನಿಗೆ ಇದು ತಿಂಗಳಿಗೆ ೧,೬೦೦ ರಿಯಾಲು. ಸಾಧಾರಣ ಸಂಬಳದವರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಮತ್ತೆ ಒಂಟಿಯಾಗಿ ಇರತೊಡಗಿದರು. ತೆರಿಗೆಯ ಲೆಕ್ಕದಲ್ಲಿ ಹಾಲು ಕುಡಿಯುವ ಕೂಸೂ ಒಂದು ತಲೆಯೇ.

೭. ಹೋಲಿಕೆ: ಪಶ್ಚಿಮದ ವಲಸೆ

ಹೊನ್ನಾವರ ಕುಮಟಾ ತಾಲೂಕುಗಳ ಅಡಿಕೆ ತೋಟದ ಮನೆಗಳಿಂದ, ಮುಖ್ಯವಾಗಿ ಹವ್ಯಕರಲ್ಲಿ, ವಿದ್ಯಾಭ್ಯಾಸ ಮಾಡಿ ಬೆಂಗಳೂರಿಗೂ ಅಲ್ಲಿಂದ ಅಮೇರಿಕೆಗೂ ಹೋದವರ ವಲಸೆಯು ಬೇರೆ ಬಗೆಯದು. ಇಲ್ಲಿ ಒಬ್ಬೊಬ್ಬರು ಒಂದೊಂದು ಕಂಪನಿಯ ಕರೆಗೆ ಓಗೊಟ್ಟು ಹೋಗುವದರಿಂದ ಬಂಧುಗಳು ದೂರದೂರದ ನಗರಗಳಲ್ಲಿ ಚದುರಿಹೋಗುತ್ತಾರೆ. ಅಮೇರಿಕೆಯಲ್ಲಿ ಹುಟ್ಟಿದ ಕೂಸಿಗೆ ೧೮೬೮ರ ೧೪ನೆಯ ತಿದ್ದುಪಡಿಯ ಆಧಾರದಿಂದ ಪೌರತ್ವವು ಸಲ್ಲುತ್ತ ಬಂದಿದೆ. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಇದನ್ನು ನಿರಾಕರಿಸುವ ಆಜ್ಞೆಯೊಂದು ೨೦೨೫ರ ಜನವರಿಯಲ್ಲಿ ಹೊರಟು ನ್ಯಾಯಾಲಯಗಳಲ್ಲಿ ವಿವಾದಕ್ಕೊಳಗಾಯಿತು. ಭಾರತವು ದ್ವಿಪೌರತ್ವವನ್ನು ಒಪ್ಪದ ಕಾರಣ ಇಂಥ ಮಕ್ಕಳು ಸಾಗರೋತ್ತರ ಭಾರತೀಯರೆಂಬ ಕಾರ್ಡಿನಿಂದ ಅಜ್ಜನ ಮನೆಗೆ ಬರುತ್ತಾರೆ.

ಅಜ್ಜಿಯಾದರೋ ಅಲ್ಲಿಗೆ ಹೋಗುವದು ಸಂದರ್ಶಕಳಾಗಿ, ಸಾಮಾನ್ಯವಾಗಿ ಆರು ತಿಂಗಳ ಮಟ್ಟಿಗೆ. ಹೆತ್ತವರನ್ನು ಶಾಶ್ವತವಾಗಿ ಕರೆಸಿಕೊಳ್ಳುವ ಹಕ್ಕು ೨೧ ವರ್ಷ ತುಂಬಿದ ಅಮೇರಿಕೆಯ ಪ್ರಜೆಗೆ ಮಾತ್ರ ಇದೆ. ಗ್ರೀನ್ ಕಾರ್ಡು ಪಡೆದವರಿಗೂ ಅದು ಇಲ್ಲ. ಪೌರತ್ವವು ಕೈಗೂಡುವ ಹೊತ್ತಿಗೆ ಅಜ್ಜಿಗೆ ಪ್ರಯಾಣದ ಶಕ್ತಿ ಉಳಿದಿರುವದಿಲ್ಲ, ಕೂಸೂ ಕೂಸಾಗಿ ಉಳಿದಿರುವದಿಲ್ಲ. ಕೆನಡಾ ದೇಶವು ೨೦೧೧ರಲ್ಲಿ ಅಜ್ಜ ಅಜ್ಜಿಯರಿಗಾಗಿಯೇ ದೀರ್ಘಾವಧಿಯ ವೀಸಾವನ್ನು ಆರಂಭಿಸಿ, ೨೦೨೨ರಿಂದ ಒಮ್ಮೆಗೆ ಐದು ವರ್ಷದ ವರೆಗೆ ಇರುವ ಅವಕಾಶವನ್ನು ಕೊಟ್ಟಿರುವದು ಮನೆಯ ಕುಟುಂಬಕ್ಕೆ ಕಾನೂನು ಸ್ವಲ್ಪ ಸಮೀಪಿಸಿದ ನಿದರ್ಶನವಾಗಿದೆ.

ಈ ಎರಡು ವಲಸೆಗಳನ್ನು ಹೋಲಿಸಿದಾಗ ಒಂದು ಸೂತ್ರವು ಹೊರಡುತ್ತದೆ. ಕೊಲ್ಲಿಯಲ್ಲಿ ಬಂಧುಗಳು ಸಮೀಪ, ನೆಲೆಯು ಅಸ್ಥಿರ. ಪಶ್ಚಿಮದಲ್ಲಿ ನೆಲೆಯು ಕ್ರಮೇಣ ಸ್ಥಿರ, ಬಂಧುಗಳು ದೂರ. ಎರಡೂ ಒಟ್ಟಿಗೆ ದೊರೆಯುವ ಸ್ಥಳವು ತವರೂರು ಒಂದೇ. ಅಲ್ಲಿ ಉದ್ಯೋಗವು ಸಾಲದು. ಈ ಸೂತ್ರವನ್ನು ಜಾತಿಮತಗಳ ಲಕ್ಷಣವೆಂದು ತಿಳಿಯಬಾರದು. ಹವ್ಯಕರು ಕೊಲ್ಲಿಯಲ್ಲಿಯೂ ನವಾಯತರು ಪಶ್ಚಿಮ ದೇಶಗಳಲ್ಲಿಯೂ ಇದ್ದಾರೆ. ಅಂಥವರಿಗೆ ಅಲ್ಲಲ್ಲಿಯ ಕಾನೂನೇ ಅನ್ವಯಿಸುತ್ತದೆ. ೨೦೧೯ರಿಂದ ಎಮಿರೇಟ್ಸ್ ದೇಶವು ಕೆಲವು ವರ್ಗದವರಿಗೆ ದೀರ್ಘಾವಧಿಯ ನಿವಾಸವನ್ನು ಕೊಡತೊಡಗಿರುವದರಿಂದ ಕೊಲ್ಲಿಯ ಅಸ್ಥಿರತೆಯೂ ಎಲ್ಲರಿಗೆ ಒಂದೇ ಪ್ರಮಾಣದಲ್ಲಿ ಇಲ್ಲ.

೮. ಕೂಸಿನ ಮಾತು

ಬಂಧುಸಾಮೀಪ್ಯವನ್ನು ಅಳೆಯುವದಕ್ಕೆ ಸುಲಭವಾದ ಒಂದು ಸಾಧನವುಂಟು. ಅದು ಮಗುವಿನ ಮಾತು. ತಂದೆತಾಯಿಗಳಿಬ್ಬರೇ ಇರುವ ಮನೆಯಲ್ಲಿ ಶಾಲೆಯ ಇಂಗ್ಲಿಷು ಬೇಗನೆ ಒಳಗೆ ಬರುತ್ತದೆ. ಅತ್ತೆ, ಚಿಕ್ಕಮ್ಮ, ಅವರ ಮಕ್ಕಳು ಬಂದು ಹೋಗುವ ಮನೆಯಲ್ಲಿ ಮನೆಮಾತಿಗೆ ಆಡುವವರೂ ಕೇಳುವವರೂ ಇರುತ್ತಾರೆ. ಗಾದೆ, ಒಗಟು, ಬೈಗುಳ, ತಿನಿಸುಗಳ ಹೆಸರು, ಇವು ಪುಸ್ತಕದಿಂದ ಬರುವವಲ್ಲ; ಹಲವು ಬಾಯಿಗಳಿಂದ ಬರತಕ್ಕವು. ಭಟ್ಕಳದಿಂದ ಬಂದ ಕುಟುಂಬಗಳು ಒಂದೆಡೆ ವಾಸವಾಗಿರುವಲ್ಲಿ ನವಾಯತಿಗೆ ಈ ಆಸರೆಯಿದೆ. ಅಮೇರಿಕೆಯ ಒಂಟಿ ಮನೆಯಲ್ಲಿ ಹವ್ಯಕ ಕನ್ನಡವು ಬಹುಮಟ್ಟಿಗೆ ಅಜ್ಜಿಯ ಆರು ತಿಂಗಳಿನ ಮೇಲೆ ನಿಂತಿದೆ.

ಆದರೆ ಇದೇ ಪ್ರಸಂಗದಲ್ಲಿ ಕನ್ನಡದ ಮಾತನ್ನೂ ಆಡಬೇಕು. ಭಟ್ಕಳದ ಶಾಲೆಯಲ್ಲಿ ಕಲಿಯುವ ನವಾಯತ ಬಾಲಕನಿಗೆ ಕನ್ನಡವು ಊರಿನ ಮಾತಾಗಿ ದೊರೆಯುತ್ತದೆ. ದುಬೈಯಲ್ಲಿ ಬೆಳೆದ ಅವನ ಸೋದರನಿಗೆ ಬಂಧುಗಳ ಮಾತು ಉಳಿದರೂ ಊರಿನ ಮಾತು ತಪ್ಪಿಹೋಗುವ ಸಂಭವವಿದೆ. ಏಕೆಂದರೆ ಬಂಧುಗಳು ಜತೆಗೆ ಹೋದರು, ನೆರೆಹೊರೆಯವರು ಹೋಗಲಿಲ್ಲ. ಆ ಮಕ್ಕಳಲ್ಲಿ ಅನೇಕರು ಕಾಲೇಜಿನ ವಿದ್ಯೆಗಾಗಿ ಮರಳಿ ಊರಿಗೆ ಬರುತ್ತಾರೆ. ೧೯೧೯ರಲ್ಲಿ ಸ್ಥಾಪಿತವಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯ ಕಾಲೇಜುಗಳು ಭಟ್ಕಳದಲ್ಲಿಯೇ ಇರುವದು ಅವರಿಗೆ ಅನುಕೂಲ. ತೊಟ್ಟಿಲಿನಲ್ಲಿದ್ದಾಗ ಬಿಟ್ಟ ಊರಿಗೆ ಹದಿನೆಂಟನೆಯ ವಯಸ್ಸಿನಲ್ಲಿ ಬಂದ ವಿದ್ಯಾರ್ಥಿಯು ಅಜ್ಜಿಯೊಡನೆ ಸಲೀಸಾಗಿ ಮಾತನಾಡಿ, ಪೇಟೆಯಲ್ಲಿ ತರಕಾರಿ ಕೊಳ್ಳುವಾಗ ತಡವರಿಸುವನು. ಕಾಲೇಜಿನ ಅಧ್ಯಾಪಕರಾದ ನಮಗೆ ಇಂಥ ವಿದ್ಯಾರ್ಥಿಯು ನಿತ್ಯದ ಅನುಭವ. ಅವನನ್ನು ಪರದೇಶೀಯನೆಂದು ಕಾಣುವದಕ್ಕಿಂತ, ಬಂಧುಗಳ ನಡುವೆ ಬೆಳೆದೂ ಊರನ್ನು ಕಾಣದವನೆಂದು ತಿಳಿದು ಪಾಠ ಹೇಳುವದು ಯುಕ್ತ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟಪಡುತ್ತವೆ. ಒಂದನೆಯದಾಗಿ, ಈ ಕರಾವಳಿಯಿಂದ ಎಳೆಯ ಕೂಸಿನೊಡನೆ ಹೋಗುವದು ಬಂಧುಗಳಿಂದ ದೂರವಾಗುವದಕ್ಕಿಂತ ಹೆಚ್ಚಾಗಿ ಬಂಧುಗಳ ಒಂದು ಗುಂಪಿನಿಂದ ಇನ್ನೊಂದಕ್ಕೆ ಸೇರುವ ಕ್ರಿಯೆಯಾಗಿದೆ; ಅಂಥ ಗುಂಪು ಇಲ್ಲದೆಡೆ ಅಜ್ಜಿಯು ತಾತ್ಕಾಲಿಕವಾಗಿ ಆ ಸ್ಥಾನವನ್ನು ತುಂಬುತ್ತಾಳೆ. ಎರಡನೆಯದಾಗಿ, ನಿವಾಸದ ಹಕ್ಕು ಬಹುಮಟ್ಟಿಗೆ ತಂದೆಯ ಉದ್ಯೋಗವನ್ನು ಹಿಂಬಾಲಿಸಿದರೆ, ಕೂಸಿನ ಲಾಲನೆಯು ತಾಯಿಯ ಬಂಧುಗಳನ್ನು ಹಿಂಬಾಲಿಸುತ್ತದೆ. ಕಾನೂನು ಮೊದಲನೆಯದನ್ನು ಬಲ್ಲದು, ಎರಡನೆಯದನ್ನು ಅರಿಯದು. ಮೂರನೆಯದಾಗಿ, ಈ ಅಂತರವನ್ನು ತುಂಬುವ ಕೆಲಸವು ಸ್ತ್ರೀಯರ ಪಾಲಿಗೆ ಬಂದಿದೆ. ಅದು ಕೂಲಿಯಿಲ್ಲದ ಕೆಲಸವಾದ್ದರಿಂದ ಯಾವ ಲೆಕ್ಕದ ಪುಸ್ತಕದಲ್ಲಿಯೂ ಸೇರಿಲ್ಲ.

ಆದುದರಿಂದ ವಲಸೆಯನ್ನು ಅಭ್ಯಾಸ ಮಾಡಬಯಸುವ ವಿದ್ಯಾರ್ಥಿಗಳು ಊರಿಗೆ ಬಂದ ಹಣದ ಲೆಕ್ಕದೊಂದಿಗೆ ಇನ್ನೊಂದು ಲೆಕ್ಕವನ್ನೂ ಬರೆದುಕೊಳ್ಳುವದು ಒಳಿತು. ಮನೆಯಲ್ಲಿ ಹುಟ್ಟಿದ ಒಂದೊಂದು ಕೂಸನ್ನೂ ಕುರಿತು, ಹೆರಿಗೆಯು ಎಲ್ಲಿ ಆಯಿತು, ಬಾಣಂತನವನ್ನು ಯಾರು ಮಾಡಿದರು, ಎಷ್ಟನೆಯ ತಿಂಗಳಲ್ಲಿ ಕೂಸು ಕಡಲು ದಾಟಿತು, ಅಲ್ಲಿ ಅದನ್ನು ಎತ್ತಿಕೊಂಡವರು ಯಾರು ಎಂದು ಕೇಳಬೇಕು. ಉತ್ತರವನ್ನು ಕೊಡತಕ್ಕವರು ಈ ಮೂರು ತಾಲೂಕುಗಳ ಮನೆಮನೆಗಳಲ್ಲಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮುದುಕಿಯರು. ಕೇಳುವ ಕೆಲಸವನ್ನು ಬೇಗನೆ ಆರಂಭಿಸುವದು ಉಚಿತ.